ಎರಡು ಮ್ಯೂಸಿಕ್ ಪ್ಲೇಯರ್‌ಗಳ ಧ್ವನಿಯನ್ನು ಮನೆಯಲ್ಲೇ ಹೋಲಿಸಿ ನೋಡುವ ಕ್ರಮ

ಆಪಲ್ ಕಂಪನಿಯು 2022ರ ಮೇ ತಿಂಗಳಲ್ಲಿ ಐಪಾಡ್ ತಯಾರಿಕೆಯನ್ನು ನಿಲ್ಲಿಸಿದಾಗ, ಜೇಬಿನಲ್ಲಿಟ್ಟುಕೊಳ್ಳುವ ಮ್ಯೂಸಿಕ್ ಪ್ಲೇಯರ್‌ಗಳ ಕಾಲವೇ ಮುಗಿಯಿತೆಂದು ಅನೇಕರು ಭಾವಿಸಿದರು. ಆದರೆ ಸೋನಿ, ಫಿಯೋ, ಹೈಬಿ ಮುಂತಾದ ಕಂಪನಿಗಳ ಪ್ಲೇಯರ್‌ಗಳು ಈಗಲೂ ಮಾರಾಟವಾಗುತ್ತಿವೆ. ಜೊತೆಗೆ ಡಿಜಿಟಲ್ ಹಾಡನ್ನು ಇಯರ್‌ಫೋನಿಗೆ ಬೇಕಾದ ವಿದ್ಯುತ್ ಸಂಕೇತವಾಗಿಸುವ, ಫೋನಿಗೆ ಸಿಕ್ಕಿಸುವ ಬೆರಳುದ್ದದ ಡ್ಯಾಕ್‌ಗಳೂ ಬಂದಿವೆ. ಹಾಸನದ ಬಿ.ಎಂ. ರಸ್ತೆಯ ಅಂಗಡಿಗಳಲ್ಲಿ ಫೋನು, ಇಯರ್‌ಫೋನುಗಳು ಬೇಕಾದಷ್ಟು ಸಿಗುತ್ತವೆಯಾದರೂ, ಇಂಥ ಪ್ಲೇಯರ್‌ಗಳಲ್ಲಿ ನಾಲ್ಕಾರನ್ನು ಮುಂದಿಟ್ಟುಕೊಂಡು ಕೇಳಿ ಆರಿಸುವ ಅನುಕೂಲ ನಮ್ಮಂಥ ಜಿಲ್ಲಾ ಕೇಂದ್ರಗಳಲ್ಲಿ ಕಡಿಮೆ. ಹಾಗಾಗಿ ಹೆಚ್ಚಿನವರು ಆನ್‌ಲೈನಿನಲ್ಲಿ ತರಿಸಿ, ಹಿಂದಿರುಗಿಸುವ ಗಡುವು ಮುಗಿಯುವುದರೊಳಗೆ ಮನೆಯಲ್ಲಿರುವ ಫೋನು ಅಥವಾ ಹಳೆಯ ಪ್ಲೇಯರಿನೊಂದಿಗೆ ಅದನ್ನು ಹೋಲಿಸಿ ತೀರ್ಮಾನಿಸಬೇಕಾಗುತ್ತದೆ. ಆ ಕೆಲಸವನ್ನು ಮಾಡುವ ಬಗೆ ಹೀಗೆ.

ಮೊದಲು ಒಂದು ಸಂಗತಿಯನ್ನು ಒಪ್ಪಿಕೊಂಡು ಮುಂದುವರಿಯುವುದು ಒಳ್ಳೆಯದು. ಒಂದೇ ಹಾಡನ್ನು ಎರಡು ಪ್ಲೇಯರ್‌ಗಳಿಂದ ಕೇಳಿದಾಗ, ಯಾವುದರ ಸದ್ದು ಕೂದಲೆಳೆಯಷ್ಟು ಹೆಚ್ಚಿರುತ್ತದೆಯೋ ಅದೇ ಹೆಚ್ಚು ಸ್ಪಷ್ಟ, ಅದರ ಬಾಸ್ ಹೆಚ್ಚು ತುಂಬು, ಅದರಲ್ಲೇ ವಾದ್ಯಗಳು ಬಿಡಿಬಿಡಿಯಾಗಿವೆ ಎಂದು ನಮ್ಮ ಕಿವಿ ತೀರ್ಪು ಕೊಟ್ಟುಬಿಡುತ್ತದೆ. ಅರ್ಧ ಡೆಸಿಬಲ್‌ನಷ್ಟು ವ್ಯತ್ಯಾಸವಿದ್ದರೆ ‘ಇದು ಜೋರಾಗಿದೆ’ ಎಂದು ಯಾರಿಗೂ ಅನ್ನಿಸುವುದಿಲ್ಲ, ‘ಇದು ಚೆನ್ನಾಗಿದೆ’ ಎಂದೇ ಅನ್ನಿಸುತ್ತದೆ. ಇಂದಿನ ಬಹುಪಾಲು ಪ್ಲೇಯರ್‌ಗಳು 20 ಹರ್ಟ್ಸ್‌ನಿಂದ 20,000 ಹರ್ಟ್ಸ್‌ವರೆಗೆ ಹೆಚ್ಚುಕಡಿಮೆ ಸಮನಾಗಿಯೇ ನುಡಿಯುತ್ತವೆ. ಆದ್ದರಿಂದ ನಾವು ಕೇಳುವ ‘ಅಜಗಜಾಂತರ’ಗಳಲ್ಲಿ ಹೆಚ್ಚಿನವು ವಾಲ್ಯೂಮ್ ಸರಿಹೊಂದಿಸದೆ ಹೋಲಿಸಿದ್ದರ ಫಲ ಎಂಬುದು ನನ್ನ ಖಚಿತ ಅಭಿಪ್ರಾಯ. ಸರಿಹೊಂದಿಸಿದ ಮೇಲೂ ಉಳಿಯುವ ವ್ಯತ್ಯಾಸವೇನಾದರೂ ಇದ್ದರೆ ಅದಕ್ಕೆ ಮಾತ್ರ ಹಣ ಕೊಡಬೇಕು.

ಎರಡೂ ಪ್ಲೇಯರ್‌ಗಳಲ್ಲಿ ಇರುವುದು ಒಂದೇ ಫೈಲ್ ಆಗಿರಬೇಕು. ಒಂದರಲ್ಲಿ ಸ್ಟ್ರೀಮಿಂಗ್ ಆ್ಯಪ್, ಇನ್ನೊಂದರಲ್ಲಿ ಮೆಮೊರಿ ಕಾರ್ಡಿನ ಹಾಡು ಎಂದಾದರೆ ಆ ಹೋಲಿಕೆಗೆ ಅರ್ಥವಿಲ್ಲ; ಆ್ಯಪ್‌ನಲ್ಲಿರುವುದು ಬೇರೆ ಮಾಸ್ಟರಿಂಗ್ (ಬಿಡುಗಡೆಗೆ ಮುನ್ನ ಮಾಡುವ ಅಂತಿಮ ಧ್ವನಿ ಹೊಂದಾಣಿಕೆ) ಇರಬಹುದು, ಆ್ಯಪ್ ತಾನಾಗಿಯೇ ಸದ್ದಿನ ಮಟ್ಟವನ್ನು ಬದಲಿಸುತ್ತಿರಲೂಬಹುದು. ಮನೆಯಲ್ಲಿರುವ ಸಿ.ಡಿ.ಯೊಂದನ್ನು ಕಂಪ್ಯೂಟರಿನಲ್ಲಿ ಗುಣಮಟ್ಟ ಕುಗ್ಗಿಸದ ಫ್ಲ್ಯಾಕ್ ಫೈಲ್ ರೂಪಕ್ಕೆ ಇಳಿಸಿ, ಅದೇ ಫೈಲನ್ನು ಎರಡಕ್ಕೂ ನಕಲು ಮಾಡಿಕೊಂಡರೆ ಸಾಕು. ಸಿ.ಡಿ.ಯ 16 ಬಿಟ್, 44.1 ಕಿಲೋಹರ್ಟ್ಸ್ ಗುಣಮಟ್ಟ ಈ ಪರೀಕ್ಷೆಗೆ ಧಾರಾಳವಾಯಿತು. ಬಳಿಕ ಎರಡರ ಸೆಟ್ಟಿಂಗ್ಸ್ ಒಳಹೊಕ್ಕು ಈಕ್ವಲೈಜರ್, ಬಾಸ್ ಬೂಸ್ಟ್, ಡಾಲ್ಬಿ, ಸೋನಿಯ ಡಿಎಸ್‌ಇಇ ಮತ್ತು ಕ್ಲಿಯರ್‌ಆಡಿಯೋ, ಐಪಾಡಿನ ಸೌಂಡ್ ಚೆಕ್ ಮುಂತಾದ, ಧ್ವನಿಯನ್ನು ಬದಲಿಸುವ ಎಲ್ಲವನ್ನೂ ಆಫ್ ಮಾಡಬೇಕು. ಹೊಸ ಪ್ಲೇಯರ್‌ಗಳಲ್ಲಿ ಇವುಗಳಲ್ಲೊಂದು ಮೊದಲಿನಿಂದಲೇ ಚಾಲೂ ಇದ್ದು, ಅದನ್ನೇ ಜನರು ಆ ಕಂಪನಿಯ ‘ಸಹಜ ಧ್ವನಿ’ ಎಂದು ಹೊಗಳುವುದುಂಟು.

ಇನ್ನು ವಾಲ್ಯೂಮ್ ಸರಿಹೊಂದಿಸುವ ಕೆಲಸ. ಇದನ್ನು ಕಿವಿಯಿಂದ ಮಾಡಲಾಗದು, ಮೀಟರ್ ಬೇಕು. ಅಂಗಡಿಗಳಲ್ಲಿ ಮೊದಲು ಕೈಗೆ ಸಿಗುವ ಹಳದಿ ಬಣ್ಣದ ಅಗ್ಗದ ಮಲ್ಟಿಮೀಟರಿನಲ್ಲಿ ಎ.ಸಿ. ವೋಲ್ಟೇಜಿನ ಕನಿಷ್ಠ ವ್ಯಾಪ್ತಿಯೇ 200 ವೋಲ್ಟ್ ಇರುತ್ತದೆ; ಅದು ಮನೆಯ ಕರೆಂಟ್ ನೋಡುವುದಕ್ಕೆ ಸರಿಯೇ ಹೊರತು ಇಯರ್‌ಫೋನಿನ ಅಲ್ಪ ವೋಲ್ಟೇಜ್ ಅಳೆಯಲು ಬಾರದು. ಎ.ಸಿ. ವ್ಯಾಪ್ತಿ 2 ವೋಲ್ಟ್ ಅಥವಾ ಅದಕ್ಕಿಂತ ಕಡಿಮೆಗೆ ಇಳಿಯುವ ಮೀಟರನ್ನೇ ಕೇಳಿ ಪಡೆಯಬೇಕು. ಒಂದು ಕವಲು ಕೇಬಲ್‌ನ ಒಂದು ತುದಿಗೆ ಇಯರ್‌ಫೋನ್ ಸಿಕ್ಕಿಸಿ, ಇನ್ನೊಂದಕ್ಕೆ ಕತ್ತರಿಸಿದ ಹಳೆಯ ಆಕ್ಸ್ ಕೇಬಲ್ ಸಿಕ್ಕಿಸಿ, ಅದರ ಎಡ ಚಾನೆಲ್ ಹಾಗೂ ಗ್ರೌಂಡ್ ತಂತಿಗಳಿಗೆ ಮೀಟರಿನ ಕಡ್ಡಿಗಳನ್ನು ತಾಗಿಸಬೇಕು. ಆಕ್ಸ್ ಕೇಬಲ್ ಬದಲು ಹಾಳಾದ ಇಯರ್‌ಫೋನಿನ ತಂತಿಯನ್ನು ಬಳಸುವುದಾದರೆ, ಆ ಎಳೆಗಳ ಮೇಲೆ ಕೆಂಪು, ಹಸಿರು ಬಣ್ಣದ ತೆಳುವಾದ ಲೇಪವಿರುತ್ತದೆ ಎಂಬುದು ನೆನಪಿರಲಿ. ಬ್ಲೇಡಿನಿಂದ ಕೆರೆದು ತಾಮ್ರ ಕಾಣಿಸುವವರೆಗೂ ಮೀಟರ್ ಸೊನ್ನೆಯನ್ನೇ ತೋರಿಸುತ್ತಿರುತ್ತದೆ. ಅಳೆಯುವಾಗ ಇಯರ್‌ಫೋನ್ ಸಿಕ್ಕಿಸಿಯೇ ಇರಬೇಕು, ಏಕೆಂದರೆ ಹೊರೆ ಬಿದ್ದಾಗ ಎರಡು ಪ್ಲೇಯರ್‌ಗಳ ವೋಲ್ಟೇಜ್ ಒಂದೇ ರೀತಿ ಇಳಿಯುವುದಿಲ್ಲ.

ಉಚಿತವಾಗಿ ಸಿಗುವ ಆಡಾಸಿಟಿ ತಂತ್ರಾಂಶದಲ್ಲಿ 300 ಹರ್ಟ್ಸ್‌ನ ಒಂದು ಸೈನ್ ಟೋನ್ ತಯಾರಿಸಿಕೊಳ್ಳಿ. ಸಾವಿರ ಹರ್ಟ್ಸ್ ಬಳಸುವುದು ಸಾಮಾನ್ಯ ರೂಢಿಯಾದರೂ ಸಾಧಾರಣ ಮೀಟರ್‌ಗಳು 50 ಹರ್ಟ್ಸ್‌ನ ಕರೆಂಟಿಗಾಗಿಯೇ ತಯಾರಾದವು, ಅಷ್ಟು ಮೇಲಕ್ಕೆ ಹೋದರೆ ಲೆಕ್ಕ ತಪ್ಪುತ್ತವೆ. ಮೊದಲ ಪ್ಲೇಯರಿನಲ್ಲಿ ಹಾಡು ಹಾಕಿ ಹಿತವಾಗುವ ವಾಲ್ಯೂಮ್ ಇಟ್ಟುಕೊಂಡು, ಇಯರ್‌ಫೋನನ್ನು ಕಿವಿಯಿಂದ ತೆಗೆದು, ಟೋನ್ ನುಡಿಸಿ ಅಂಕಿ ಬರೆದುಕೊಳ್ಳಿ. ಅದು 0.200 ವೋಲ್ಟ್ ಎಂದಿಟ್ಟುಕೊಳ್ಳೋಣ. ಎರಡನೆಯ ಪ್ಲೇಯರಿನ ವಾಲ್ಯೂಮಿನ ಒಂದು ಮೆಟ್ಟಿಲಿನಲ್ಲಿ 0.190, ಮುಂದಿನ ಮೆಟ್ಟಿಲಿನಲ್ಲಿ 0.212 ಬರುತ್ತದೆ ಎನ್ನೋಣ. ಎರಡೂ ಕಡೆ ಸುಮಾರು ಅರ್ಧ ಡೆಸಿಬಲ್ ಅಂತರ ಉಳಿಯಿತು. ಇದು ನಿರ್ಲಕ್ಷಿಸುವಷ್ಟು ಸಣ್ಣದಲ್ಲ. ಆಗ 0.212ರ ಮೆಟ್ಟಿಲಿನಲ್ಲೇ ಪ್ಲೇಯರನ್ನು ನಿಲ್ಲಿಸಿ, ಅದಕ್ಕೆ ಹಾಕುವ ಹಾಡನ್ನು ಆಡಾಸಿಟಿಯಲ್ಲಿ ಅರ್ಧ ಡೆಸಿಬಲ್ ತಗ್ಗಿಸಿ ಉಳಿಸಿಕೊಂಡರೆ ಎರಡೂ ಸರಿಹೋಗುತ್ತವೆ. ವೋಲ್ಟೇಜಿನಲ್ಲಿ ಶೇಕಡಾ 12ರಷ್ಟು ವ್ಯತ್ಯಾಸವೆಂದರೆ ಒಂದು ಡೆಸಿಬಲ್. ಶೇಕಡಾ ಒಂದೆರಡರ ಒಳಗೆ ತಂದರೆ ಕಿವಿಗೆ ಮೋಸವಾಗುವ ಭಯವಿಲ್ಲ. ಫೋನಿನ ಡೆಸಿಬಲ್ ಆ್ಯಪ್‌ನ ಮೈಕಿಗೆ ಇಯರ್‌ಫೋನ್ ಒತ್ತಿಹಿಡಿದೂ ಅಳೆಯಬಹುದು, ಆದರೆ ಕೈ ಚೂರು ಅಲುಗಿದರೂ ಅಂಕಿ ಬದಲಾಗುವುದರಿಂದ ಅದನ್ನು ನಾನು ಶಿಫಾರಸು ಮಾಡುವುದಿಲ್ಲ.

ಕೇಳುವ ಹಂತದಲ್ಲಿ ಸಹಾಯಕ್ಕೊಬ್ಬರು ಬೇಕು. ಸಕಲೇಶಪುರದ ಕಡೆಯ ಕಾಫಿಯ ರುಚಿ ನೋಡುವವರು ಎಲ್ಲ ಬಟ್ಟಲುಗಳಿಗೂ ಒಂದೇ ತೂಕದ ಪುಡಿ, ಒಂದೇ ಅಳತೆಯ ನೀರು ಹಾಕಿ, ಯಾವ ತೋಟದ್ದೆಂದು ಬರೆಯದೆ ಬರೀ ಸಂಖ್ಯೆ ಹಚ್ಚಿ ರುಚಿ ನೋಡುವಂತೆ, ಇಲ್ಲಿಯೂ ಯಾವ ಪ್ಲೇಯರ್ ನುಡಿಯುತ್ತಿದೆ ಎಂಬುದು ಕೇಳುವವರಿಗೆ ತಿಳಿದಿರಬಾರದು. ಸಹಾಯಕರು ನಿಮ್ಮ ಬೆನ್ನ ಹಿಂದೆ ಕುಳಿತು, ನಾಣ್ಯ ಚಿಮ್ಮಿ, ರಾಜ ಬಿದ್ದರೆ ಒಂದು, ರಾಣಿ ಬಿದ್ದರೆ ಇನ್ನೊಂದು ಎಂದು ಪ್ಲೇಯರನ್ನು ಆರಿಸಿ, ಅದನ್ನು ಚೀಟಿಯಲ್ಲಿ ಗುರುತು ಹಾಕಿಕೊಳ್ಳುತ್ತಾ ಹೋಗಬೇಕು. ಅದೇ ಪ್ಲೇಯರ್ ಮತ್ತೆ ಬಂದಾಗಲೂ ಜಾಕನ್ನು ಕಿತ್ತು ಪುನಃ ಸಿಕ್ಕಿಸಬೇಕು, ಇಲ್ಲವಾದರೆ ಆ ಸಪ್ಪಳವೇ ಉತ್ತರ ಹೇಳಿಬಿಡುತ್ತದೆ. ಸಣ್ಣಪುಟ್ಟ ಧ್ವನಿ ವ್ಯತ್ಯಾಸಗಳು ನೆನಪಿನಲ್ಲಿ ಉಳಿಯುವುದು ಕೆಲವೇ ಸೆಕೆಂಡು. ಆದ್ದರಿಂದ ಇಡೀ ಹಾಡು ಕೇಳುವುದನ್ನು ಬಿಟ್ಟು, ಹತ್ತು ಹದಿನೈದು ಸೆಕೆಂಡಿನ ಒಂದೇ ತುಣುಕನ್ನು ಮತ್ತೆ ಮತ್ತೆ ಕೇಳಬೇಕು. ಈ ಅವಧಿಯಲ್ಲಿ ಇಯರ್‌ಫೋನನ್ನು ಕಿವಿಯಿಂದ ತೆಗೆಯಲೇಬಾರದು. ರಬ್ಬರ್ ತುದಿ ಕಿವಿಯಲ್ಲಿ ಕೂರುವ ಬಗೆ ಸ್ವಲ್ಪ ಸಡಿಲವಾದರೂ ಬಾಸ್ ಸೋರಿಹೋಗುತ್ತದೆ, ಮತ್ತು ಆ ಬದಲಾವಣೆ ಎರಡು ಪ್ಲೇಯರ್‌ಗಳ ನಡುವಿನ ವ್ಯತ್ಯಾಸಕ್ಕಿಂತ ಎಷ್ಟೋ ದೊಡ್ಡದು.

ಪ್ರತಿ ಸುತ್ತಿನಲ್ಲೂ ನುಡಿದದ್ದು ಯಾವ ಪ್ಲೇಯರ್ ಎಂದು ನೀವು ಊಹಿಸಿ ಬರೆದುಕೊಂಡು, ಹತ್ತು ಸುತ್ತು ಮುಗಿದ ಮೇಲೆ ಅದನ್ನು ಸಹಾಯಕರ ಚೀಟಿಯೊಂದಿಗೆ ತಾಳೆ ನೋಡಿ. ಹತ್ತರಲ್ಲಿ ಏಳು ಸರಿಯಾದರೆ ಹಿಗ್ಗಬೇಕಾಗಿಲ್ಲ. ಬರೀ ಊಹೆಯಿಂದಲೇ ಏಳು ಅಥವಾ ಅದಕ್ಕಿಂತ ಹೆಚ್ಚು ಸರಿಯಾಗುವ ಸಂಭವ ಶೇಕಡಾ 17ರಷ್ಟಿದೆ. ಒಂಬತ್ತು ಸರಿಯಾಗಿದ್ದರೆ, ಊಹೆಯಿಂದ ಹಾಗಾಗುವ ಸಂಭವ ಶೇಕಡಾ ಒಂದರ ಆಸುಪಾಸಿಗೆ ಇಳಿಯುವುದರಿಂದ, ನಿಮಗೆ ನಿಜವಾಗಿಯೂ ಏನೋ ಕೇಳಿಸುತ್ತಿದೆ ಎಂದು ನಂಬಬಹುದು. ಐದಾರರಲ್ಲೇ ನಿಂತರೆ ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ, ಜೇಬಿನಲ್ಲಿದ್ದಾಗಲೇ ಒತ್ತಲು ಗುಂಡಿಗಳಿವೆಯೇ, ಕನ್ನಡ ಲಿಪಿಯ ಹಾಡಿನ ಹೆಸರುಗಳನ್ನು ಪರದೆ ಸರಿಯಾಗಿ ತೋರಿಸುತ್ತದೆಯೇ ಎಂಬುದನ್ನು ನೋಡಿ ಆರಿಸುವುದೇ ಜಾಣತನ. ಒತ್ತಕ್ಷರಗಳನ್ನು ಒಡೆದು ಚೆಲ್ಲಾಡಿ ತೋರಿಸುವ ದುಬಾರಿ ಪ್ಲೇಯರ್‌ಗಳಿಗೇನೂ ಕೊರತೆಯಿಲ್ಲ.

ಯಾವ ಸಂಗೀತ ಹಾಕಬೇಕು ಎಂಬುದೂ ಮುಖ್ಯ. ಹಳೆಯ ಚಿತ್ರಗೀತೆಗಳು ಎಷ್ಟೇ ಇಷ್ಟವಾದರೂ ಅವುಗಳಲ್ಲಿ ಟೇಪಿನ ಸದ್ದೇ ಬೆರೆತಿರುವುದರಿಂದ ಪ್ಲೇಯರಿನ ದೋಷ ಅದರಡಿ ಅಡಗಿಹೋಗುತ್ತದೆ. ಚೆನ್ನಾಗಿ ಮುದ್ರಿಸಿದ ಕರ್ನಾಟಕ ಸಂಗೀತದ ಕಛೇರಿ ಇದಕ್ಕಿಂತ ಮೇಲು, ಅದರಲ್ಲೂ ಆಲಾಪನೆಯ ಆರಂಭ. ಅಲ್ಲಿ ಗಾಯಕರು ಉಸಿರೆಳೆದುಕೊಳ್ಳುವ ನಡುವೆ ತಂಬೂರಿಯೊಂದೇ ಕೇಳುತ್ತದೆ. ತಂತಿಗಳನ್ನು ಹೊತ್ತಿರುವ ‘ಕುದುರೆ’ ಎಂಬ ಭಾಗದ ಮೇಲೆ ತಂತಿಯಡಿ ಸರಿಸಿಟ್ಟ ದಾರದ ಎಳೆಯಿಂದ ಹುಟ್ಟುವ ಆ ಝೇಂಕಾರದಲ್ಲಿ ಮೇಲಿನ ಸ್ವರಾಂಶಗಳು ಒಂದರ ಹಿಂದೊಂದು ಅರಳುವುದರಿಂದ, ಪ್ಲೇಯರ್ ಮೇಲಿನ ಕಂಪನಗಳನ್ನು ಎಲ್ಲಾದರೂ ಮಂದಗೊಳಿಸಿದರೆ ಅದು ಇಲ್ಲಿ ತಿಳಿಯುವಷ್ಟು ಸುಲಭವಾಗಿ ಬೇರೆಲ್ಲೂ ತಿಳಿಯದು. (ಕರ್ನಾಟಕ ಸಂಗೀತದ ಗಾಯಕ ಆರ್.ಕೆ. ಶ್ರೀಕಂಠನ್ ಅವರ ಹುಟ್ಟೂರಾದ ನಮ್ಮ ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣದಲ್ಲಿ ತಂಬೂರಿಯ ಆಕಾರದಲ್ಲೇ ಒಂದು ಮಂದಿರವನ್ನು ಕಟ್ಟಿದ್ದಾರೆ. ತಂಬೂರಿಗೆ ಇಷ್ಟು ಮರ್ಯಾದೆ ಕೊಟ್ಟ ಜಿಲ್ಲೆಯವರಾದರೂ ಅದನ್ನು ಹಿನ್ನೆಲೆಯ ಸದ್ದೆಂದು ತಳ್ಳಿಹಾಕಬಾರದು.) ತಾಳವಾದ್ಯಗಳಷ್ಟೇ ನುಡಿಯುವ ತನಿ ಆವರ್ತನದಲ್ಲಿ ಮೃದಂಗದ ಎಡಮುಖದ ಗುಮ್ಕಿ ಎಂಬ ತುಂಬು ನಾದ ಬಾಸನ್ನೂ, ಬಲಮುಖದ ನುಡಿಗಳು ಮೇಲಿನ ಸ್ಥಾಯಿಯನ್ನೂ ತೂಗಿ ತೋರಿಸುತ್ತವೆ.

ಸುಯ್ ಎನ್ನುವ ಹಿನ್ನೆಲೆ ಶಬ್ದವನ್ನು ಪ್ರತ್ಯೇಕವಾಗಿ ನೋಡಬೇಕು. ಹಾಡು ನಿಲ್ಲಿಸಿದಾಗ ಅನೇಕ ಪ್ಲೇಯರ್‌ಗಳು ಆಂಪ್ಲಿಫೈಯರನ್ನೇ ಮುಚ್ಚಿಬಿಡುವುದರಿಂದ ಆಗ ಕೇಳುವ ಮೌನ ಪರೀಕ್ಷೆಗೆ ಬಾರದು. ಆಡಾಸಿಟಿಯಲ್ಲಿ ಅರ್ಧ ನಿಮಿಷದ ಮೌನವನ್ನೇ ಫೈಲಾಗಿ ಮಾಡಿ ನುಡಿಸಬೇಕು. ಸೂಕ್ಷ್ಮ ಸಂವೇದನೆಯ ಇನ್-ಇಯರ್‌ಗಳಲ್ಲಿ ಈ ವ್ಯತ್ಯಾಸ ಕುರುಡು ಪರೀಕ್ಷೆಯ ಅಗತ್ಯವೇ ಇಲ್ಲದಷ್ಟು ಸ್ಪಷ್ಟವಾಗಿರುತ್ತದೆ. ಇದನ್ನು ರಾತ್ರಿ, ಫ್ಯಾನ್ ಆರಿಸಿ, ಪ್ಲೇಯರನ್ನು ಚಾರ್ಜರಿನಿಂದ ಬಿಡಿಸಿ ಮಾಡಬೇಕು. ಮಳೆಗಾಲದಲ್ಲಿ ಶೀಟಿನ ಮಾಡಿನ ಕೆಳಗೆ ಕೂತು ಮಾಡುವ ಕೆಲಸ ಇದಲ್ಲ. ಮಂಗಳೂರು ರೈಲಿನಲ್ಲೋ ಬಸ್ಸಿನಲ್ಲೋ ಮಾತ್ರ ಹಾಡು ಕೇಳುವವರು ಇಂಥ ಶಬ್ದಕ್ಕೆ ತಲೆ ಕೆಡಿಸಿಕೊಳ್ಳುವ ಅಗತ್ಯವೂ ಇಲ್ಲ.

ವಾಲ್ಯೂಮ್ ಸರಿಹೊಂದಿಸಿದ ಮೇಲೂ ಧ್ವನಿ ಬೇರೆಯೆನಿಸಿದರೆ ಮೊದಲು ಸಂಶಯಪಡಬೇಕಾದದ್ದು ಔಟ್‌ಪುಟ್ ಇಂಪೀಡೆನ್ಸ್, ಅಂದರೆ ಪ್ಲೇಯರಿನ ಒಳಗೇ ವಿದ್ಯುತ್ತಿಗೆ ಎದುರಾಗುವ, ಓಮ್‌ಗಳಲ್ಲಿ ಅಳೆಯುವ ತಡೆ. ಇಯರ್‌ಫೋನಿನ ಇಂಪೀಡೆನ್ಸ್ ಎಲ್ಲ ಕಂಪನಗಳಲ್ಲೂ ಒಂದೇ ಇರುವುದಿಲ್ಲ. ಬ್ಯಾಲೆನ್ಸ್‌ಡ್ ಆರ್ಮೇಚರ್ ಎಂಬ ಪುಟ್ಟ ಧ್ವನಿ ಘಟಕಗಳು ಹಲವಿರುವ ಇನ್-ಇಯರ್‌ಗಳಲ್ಲಂತೂ ಅದು ಏರಿಳಿಯುತ್ತಲೇ ಇರುತ್ತದೆ. ಪ್ಲೇಯರಿನ ಒಳಗಿನ ಇಂಪೀಡೆನ್ಸ್ ಹೆಚ್ಚಿದ್ದರೆ, ಎಲ್ಲಿ ಇಯರ್‌ಫೋನಿನದು ಕಡಿಮೆಯೋ ಅಲ್ಲಿ ವೋಲ್ಟೇಜ್ ಕುಸಿದು, ಈಕ್ವಲೈಜರ್ ಹಾಕಿದಂತೆಯೇ ಧ್ವನಿ ಬದಲಾಗುತ್ತದೆ. ಅಳೆಯುವುದು ಸುಲಭ. ಇಯರ್‌ಫೋನ್ ಸಿಕ್ಕಿಸದೆ ಟೋನಿನ ವೋಲ್ಟೇಜ್ ಓದಿ, ಬಳಿಕ ಎಡ ಚಾನೆಲ್ ಮತ್ತು ಗ್ರೌಂಡ್ ನಡುವೆ 33 ಓಮ್‌ನ ರೆಸಿಸ್ಟರ್ ಹಾಕಿ ಮತ್ತೆ ಓದಿ. ಮೊದಲ ಅಂಕಿಯನ್ನು ಎರಡನೆಯದರಿಂದ ಭಾಗಿಸಿ, ಒಂದನ್ನು ಕಳೆದು, 33ರಿಂದ ಗುಣಿಸಿದರೆ ಉತ್ತರ ಬರುತ್ತದೆ. 0.300 ವೋಲ್ಟ್ ಇದ್ದದ್ದು 0.267ಕ್ಕೆ ಇಳಿದರೆ ಸುಮಾರು 4 ಓಮ್. ಇದು ಇಯರ್‌ಫೋನಿನ ಇಂಪೀಡೆನ್ಸಿನ ಎಂಟರಲ್ಲೊಂದು ಭಾಗವನ್ನು ಮೀರಬಾರದೆಂಬುದು ಪ್ರಚಲಿತ ನಿಯಮ. ಹಾಗಾಗಿ 4 ಓಮ್‌ನ ಪ್ಲೇಯರ್ 32 ಓಮ್‌ನ ಇಯರ್‌ಫೋನಿಗೆ ಸರಿ, 16 ಓಮ್‌ನದಕ್ಕೆ ಸಲ್ಲದು.

4.4 ಮಿಲಿಮೀಟರಿನ ಬ್ಯಾಲೆನ್ಸ್‌ಡ್ ಔಟ್‌ಪುಟ್ ಇರುವ ಪ್ಲೇಯರ್‌ಗಳಲ್ಲಿ ಅದರಿಂದ ಸಾಮಾನ್ಯವಾಗಿ ಇಮ್ಮಡಿ ವೋಲ್ಟೇಜ್, ಅಂದರೆ 6 ಡೆಸಿಬಲ್ ಹೆಚ್ಚು ಸದ್ದು ಬರುತ್ತದೆ. ಅದನ್ನು ಕೇಳಿ ಬೆರಗಾಗುವ ಮೊದಲು ಮತ್ತೆ ಮೀಟರ್ ಹಿಡಿಯಬೇಕು. ಬ್ಯಾಲೆನ್ಸ್‌ಡ್‌ನಲ್ಲಿ ಎರಡು ಚಾನೆಲ್‌ಗಳ ನೆಗೆಟಿವ್ ತಂತಿಗಳೂ ಬೇರೆ ಬೇರೆಯಾಗಿರುವುದರಿಂದ ಅವನ್ನು ಗ್ರೌಂಡಿಗೆ ತಾಗಿಸಿದರೆ ಆಂಪ್ಲಿಫೈಯರ್ ಸುಡಬಹುದು. ಒಂದೇ ಚಾನೆಲ್‌ನ ಪಾಸಿಟಿವ್ ಮತ್ತು ನೆಗೆಟಿವ್ ನಡುವೆ ಮಾತ್ರ ಅಳೆಯಬೇಕು. ಬ್ಲೂಟೂತ್ ಇಯರ್‌ಫೋನ್ ಹಾಕಿಕೊಂಡು ಪ್ಲೇಯರ್ ಹೋಲಿಸುವುದು ವ್ಯರ್ಥ, ಏಕೆಂದರೆ ಆಗ ಡ್ಯಾಕ್, ಆಂಪ್ಲಿಫೈಯರ್ ಎರಡೂ ಇಯರ್‌ಫೋನಿನ ಒಳಗೇ ಇದ್ದು, ಪ್ಲೇಯರ್‌ಗಳ ನಡುವೆ ವ್ಯತ್ಯಾಸ ಉಳಿಯುವುದು ಎಸ್‌ಬಿಸಿ, ಎಲ್‌ಡ್ಯಾಕ್ ಮುಂತಾದ ಕೋಡೆಕ್‌ಗಳಲ್ಲಿ (ನಿಸ್ತಂತುವಾಗಿ ಕಳಿಸಲು ಹಾಡನ್ನು ಕುಗ್ಗಿಸುವ ವಿಧಾನಗಳಲ್ಲಿ) ಮಾತ್ರ.

ಬೆಂಗಳೂರಿಗೆ ಹೋದಾಗ ಆಡಿಯೋ ಅಂಗಡಿಯಲ್ಲಿ ಕೇಳಿ ನೋಡುವುದಾದರೆ ನಿಮ್ಮದೇ ಇಯರ್‌ಫೋನ್, ನಿಮ್ಮದೇ ಫೈಲ್‌ಗಳಿರುವ ಮೆಮೊರಿ ಕಾರ್ಡ್, ಮೌನದ ಫೈಲ್, ಟೋನ್ ಮತ್ತು ಮೀಟರ್ ಜೊತೆಗಿರಲಿ. ಬಸ್ಸಿಳಿದ ಕೂಡಲೇ ಕೇಳಲು ಕೂರಬೇಡಿ, ಮೂರ್ನಾಲ್ಕು ಗಂಟೆಯ ಎಂಜಿನ್ ಸದ್ದಿನ ನಂತರ ಕಿವಿ ಚುರುಕಾಗಿರುವುದಿಲ್ಲ. ಅಂಗಡಿಯವರು ಮೀಟರಿಗೆ ಒಪ್ಪದಿದ್ದರೆ ಸುಯ್ ಶಬ್ದ, ಗುಂಡಿಗಳು ಮತ್ತು ಪರದೆಯನ್ನಷ್ಟೇ ನೋಡಿಕೊಂಡು, ಧ್ವನಿಯ ಬಗ್ಗೆ ಯಾವ ತೀರ್ಮಾನಕ್ಕೂ ಬರದೆ, ಹಿಂದಿರುಗಿಸಲು ಎಷ್ಟು ದಿನದ ಅವಕಾಶವಿದೆ ಎಂಬುದನ್ನು ಬಿಲ್ಲಿನಲ್ಲೇ ಬರೆಸಿಕೊಂಡು ಬನ್ನಿ.