ಹುಡುಗರ ಜೊತೆ ಹುಡುಗಿಯರ ಕುಸ್ತಿ: ನನ್ನ ಆರು ಕೆಜಿ ಲೆಕ್ಕ

ಹೋದ ತಿಂಗಳು ಒಂದು ಕುಸ್ತಿ ಕಣದಲ್ಲಿ ಪಕ್ಕಕ್ಕೆ ಬಂದು ಕೂತ ಹಳೇ ಉಸ್ತಾದರೊಬ್ಬರು ಮೆಲ್ಲಗೆ ಕೇಳಿದರು, ‘ಮಾಸ್ತರ, ನಿಮ್ಮ ಹುಡುಗ್ಯಾರು ಪಟ್ ತೆಗಿಯೋದು ಇಷ್ಟು ಚುರುಕು ಹೆಂಗಾತು?’ ಪಟ್ ಅಂದರೆ ಎದುರಾಳಿಯ ಕಾಲಿಗೆ ಕೈ ಹಾಕಿ ಕೆಡವುವ ಪಟ್ಟು. ಇದೇ ಮನುಷ್ಯ 2017ರಲ್ಲಿ ‘ಹುಡುಗೀರನ್ನ ಹುಡುಗರ ಕೂಡ ಬಿಟ್ಟಿ, ಹನುಮಪ್ಪನ ಗರಡಿ ಕೆಡಿಸಿದಿ’ ಅಂತ ನನ್ನ ಜೊತೆ ಮಾತು ಬಿಟ್ಟಿದ್ದರು. ಆವತ್ತು ಚಹಾ ನಾನೇ ಕುಡಿಸಿದೆ. ಉತ್ತರ ಪೂರ್ತಿ ಹೇಳಲಿಲ್ಲ. ಇಲ್ಲಿ ಸ್ವಲ್ಪ ಜಾಸ್ತಿ ಹೇಳುತ್ತೇನೆ.

ನಾನು ಹಳಿಯಾಳ ಸೀಮೆಯ ಒಂದು ಹಳ್ಳಿ ಹೈಸ್ಕೂಲಿನ ಪಿಟಿ ಮಾಸ್ತರ. ಕುಸ್ತಿ ನಮ್ಮ ಕಡೆ ಹೊಸದಲ್ಲ, ಮನೆಗೊಬ್ಬ ಮಾಜಿ ಪೈಲ್ವಾನ ಇದ್ದಾನೆ. ಆದರೆ ಹುಡುಗಿಯರು ಅಂದರೆ ಆ ವರ್ಷ ಎಂಟನೇ ಕ್ಲಾಸಿನ ಮೂವರು, ಅಷ್ಟೇ. ಒಬ್ಬಳು 38 ಕೆಜಿ, ಒಬ್ಬಳು 44, ಇನ್ನೊಬ್ಬಳು 53. ಈಗ ನೀವೇ ಹೇಳಿ, ಯಾರನ್ನ ಯಾರಿಗೆ ಜೋಡಿ ಹಾಕೋದು? ದಂಡ, ಬಸ್ಕಿ, ಹಗ್ಗ ಹತ್ತೋದು ಎಲ್ಲ ಮಾಡಿಸಬಹುದು, ಆದರೆ ಎದುರಿಗೆ ಮೈ ಇಲ್ಲದೆ ಕುಸ್ತಿ ಬರುವುದಿಲ್ಲ ಅಲ್ವಾ. ಹುಡುಗರು ಹದಿನೈದಿಪ್ಪತ್ತು ಜನ ಇದ್ದರು. ಹುಡುಗಿಯರನ್ನು ಹುಡುಗರ ಜೊತೆ ಬಿಡಬೇಕೋ ಬೇಡವೋ ಅನ್ನುವುದು ನನಗೆ ತತ್ವದ ವಿಷಯವಾಗಿ ಬರಲೇ ಇಲ್ಲ. ಜೋಡಿ ಇರಲಿಲ್ಲ, ಬಿಟ್ಟೆ.

ಮೊದಲ ವರ್ಷ ಪೂರಾ ಹಾಳು. ಒಂದೇ ತೂಕದ ಹುಡುಗನನ್ನು ಹುಡುಗಿಗೆ ಜೋಡಿ ಹಾಕಿದೆ, ಎಲ್ಲರೂ ಮೊದಲು ಮಾಡುವ ತಪ್ಪೇ ಇದು. ಹುಡುಗರು ಮೈ ಮುಟ್ಟೋಕೇ ಹೆದರುತ್ತಿದ್ದರು. ಕೈ ಹಿಡಿದು ನೃತ್ಯ ಮಾಡಿದ ಹಾಗೆ ಸುಮ್ನೆ ಸುತ್ತುತ್ತಿದ್ದರು, ಆಮೇಲೆ ತಾವೇ ಬಿದ್ದು ಎದ್ದು ಹೋಗುತ್ತಿದ್ದರು. ನಮ್ಮ ಹುಡುಗಿಯರಿಗೆ ತಾವು ಬಹಳ ಚೆನ್ನಾಗಿ ಕಲಿತಿದ್ದೇವೆ ಅನ್ನೋ ಭ್ರಮೆ ಬಂತು. ಜಿಲ್ಲಾ ಮಟ್ಟಕ್ಕೆ ಕರೆದುಕೊಂಡು ಹೋದೆ. ಮೂವರೂ ಮೊದಲ ಸುತ್ತಲ್ಲೇ ಔಟ್. ಒಬ್ಬಳಂತೂ 10-0, ಒಂದು ನಿಮಿಷವೂ ಆಗಿರಲಿಲ್ಲ. ವಾಪಸ್ ಬರುವಾಗ ಟೆಂಪೋದಲ್ಲಿ ಯಾರೂ ಮಾತಾಡಲಿಲ್ಲ. ಬಾಡಿಗೆ 1,800 ನನ್ನ ಜೇಬಿಂದಲೇ.

ಬಂದ ಮೇಲೆ ನಾನು ಸಿಟ್ಟಿಗೆದ್ದು ಹುಡುಗರಿಗೆ ಹೇಳಿದೆ, ‘ಇನ್ನು ಮೇಲೆ ಬಿಡಬ್ಯಾಡ್ರಿ, ಖರೇ ಖರೇ ಹಿಡೀರಿ.’ ಇದು ಎರಡನೇ ತಪ್ಪು, ಮೊದಲನೆಯದಕ್ಕಿಂತ ದೊಡ್ಡದು. ಒಬ್ಬ ಹುಡುಗ ಹುಡುಗಿಯ ಕೈಲಿ ಒಮ್ಮೆ ಬಿದ್ದ, ಗೆಳೆಯರು ನಕ್ಕರು. ಮುಂದಿನ ಹಿಡಿತದಲ್ಲೇ ಅವನು ಢಾಕ್ ಪಟ್ಟು ಹಾಕಿ ಎತ್ತಿ ಒಗೆದ. ಅವಳ ಕಾಲರ್ ಮೂಳೆ ಮುರಿಯಿತು. ಎಕ್ಸ್‌ರೇ, ಬೆಲ್ಟು, ಔಷಧಿ, ಓಡಾಟ ಎಲ್ಲ ಸೇರಿ 14 ಸಾವಿರದ ಹತ್ತಿರ ಆಯಿತು. ಅರ್ಧ ನಾನು ಕೊಟ್ಟೆ, ಅರ್ಧ ಅವರಪ್ಪ ಎಮ್ಮೆ ಹಾಲಿನ ದುಡ್ಡಲ್ಲಿ ತೀರಿಸಿದರು. ಹುಡುಗಿ ಆಮೇಲೆ ಗರಡಿಗೆ ಬರಲಿಲ್ಲ. ಅವರಪ್ಪ ನನಗೆ ಬೈದಿದ್ದರೆ ಚೆನ್ನಾಗಿತ್ತು, ಬೈಯಲಿಲ್ಲ. ನಾಲ್ಕು ತಿಂಗಳು ನಾನೇ ಗರಡಿ ಬಾಗಿಲು ತೆಗೆಯಲಿಲ್ಲ.

ಆ ನಾಲ್ಕು ತಿಂಗಳು ಖಾಲಿ ಕೂತು ನನ್ನ ಮೊಬೈಲಿನಲ್ಲಿದ್ದ ತಾಲೀಮಿನ ವಿಡಿಯೋಗಳನ್ನೇ ತಿರುಗಿಸಿ ಮುರುಗಿಸಿ ನೋಡಿದೆ. ಒಂದು ಕಂಡಿತು. ಆರನೇ ಏಳನೇ ಕ್ಲಾಸಿನವರೆಗೆ ವ್ಯತ್ಯಾಸವೇ ಇಲ್ಲ, ಎಷ್ಟೋ ಸಲ ಹುಡುಗಿಯೇ ಜೋರು. ಒಂಬತ್ತನೇ ಕ್ಲಾಸಿಗೆ ಬರುವ ಹೊತ್ತಿಗೆ ಹುಡುಗನ ಕುತ್ತಿಗೆ, ಹೆಗಲು, ಮುಂಗೈ ಬದಲಾಗಿರುತ್ತದೆ. ತೂಕ ಒಂದೇ ಇದ್ದರೂ ಎಳೆತ ಬೇರೆ. ಕಾಲು ಮತ್ತು ಸೊಂಟದಲ್ಲಿ ಅಷ್ಟು ಅಂತರ ಇಲ್ಲ. ಅಂದರೆ ತಕ್ಕಡಿ ಸುಳ್ಳು ಹೇಳುತ್ತಿತ್ತು.

ಆಗ ತೂಕದಲ್ಲೇ ರಿಯಾಯಿತಿ ಕೊಟ್ಟು ನೋಡೋಣ ಅನಿಸಿತು. 49 ಕೆಜಿ ಹುಡುಗಿಗೆ 46ರ ಹುಡುಗನನ್ನು ಹಾಕಿದೆ, ಸಾಲಲಿಲ್ಲ. 40ರವನನ್ನು ಹಾಕಿದೆ, ತೀರಾ ಆಟವಾಯಿತು. 43ಕ್ಕೆ ಬಂದು ನಿಂತಿತು, ಅಂದರೆ ಆರು ಕೆಜಿ ಹಗುರ. 57ರ ಮೇಲಿನವರಿಗೆ ಏಳೆಂಟು ಬೇಕಾಗುತ್ತದೆ, 43ರ ಕೆಳಗಿದ್ದರೆ ನಾಲ್ಕು ಸಾಕು. ಇದು ಯಾವ ಪುಸ್ತಕದಲ್ಲೂ ನೋಡಿದ್ದಲ್ಲ, ಎರಡು ವರ್ಷ ನೋಟ್‌ಬುಕ್ಕಿನಲ್ಲಿ ಗೀಚಿ ಸಿಕ್ಕಿದ್ದು. ತೂಕದ ಜೊತೆ ಇನ್ನೊಂದು ಕಟ್ಟು ಹಾಕಿದೆ. ಮೊದಲ ತಿಂಗಳು ನಿಂತು ಹಿಡಿಯುವಂತಿಲ್ಲ, ಕುತ್ತಿಗೆಗೆ ಕೈ ಹಾಕುವಂತಿಲ್ಲ, ಎತ್ತಿ ಒಗೆಯುವುದಂತೂ ಕೇಳಲೇಬೇಡಿ. ಕೂತಲ್ಲೇ ಹುಡುಗಿಯ ಕೈಯಲ್ಲಿ ಮೊದಲೇ ಒಂದು ಕಾಲು ಕೊಟ್ಟು ಶುರು. ಅವಳು ಬೀಳಿಸಬೇಕು, ಅವನು ಬಿಡಿಸಿಕೊಳ್ಳಬೇಕು, 40 ಸೆಕೆಂಡು. ಸೀಟಿ ಹೊಡೆದರೆ ಜೋಡಿ ಬದಲು. ಪಾಯಿಂಟ್ ಇಲ್ಲ, ಗೆದ್ದವರು ಸೋತವರು ಇಲ್ಲ, ಕಟ್ಟೆ ಮೇಲೆ ಕೂತು ನೋಡುವ ಗೆಳೆಯರೂ ಇಲ್ಲ. ನಗುವವರಿಲ್ಲದಿದ್ದರೆ ಹುಡುಗರಿಗೆ ಸೇಡಿನ ನೆನಪೇ ಬರುವುದಿಲ್ಲ. ಎರಡನೇ ತಿಂಗಳಿಗೆ ಮಂಡಿ ಮೇಲೆ, ಮೂರನೇ ತಿಂಗಳಿಗೆ ನಿಂತು.

ಮೊದಲ ಹತ್ತು ಸೆಕೆಂಡಿನಲ್ಲಿ ಮಣಿಕಟ್ಟು ಬಿಡಿಸಿಕೊಳ್ಳೋಕೆ ಒಂದು ಆಟ ಆಡಿಸುತ್ತೇನೆ, ಒದ್ದೆ ಗೋಣಿತಾಟು ಬೇಕು ಅದಕ್ಕೆ. ಅದನ್ನು ಬರೆಯುವುದಿಲ್ಲ. ಅಕ್ಕಪಕ್ಕದ ತಾಲ್ಲೂಕಿನ ಮಾಸ್ತರುಗಳೂ ಇದನ್ನು ಓದುತ್ತಾರೆ ಅಂತ ನನಗೆ ಗೊತ್ತು.

ಹುಡುಗರು ಇದಕ್ಕೆ ಯಾಕೆ ಒಪ್ಪಿದರು ಅಂತ ಎಲ್ಲರೂ ಕೇಳುತ್ತಾರೆ. ಮೊಟ್ಟೆ. ಹುಡುಗಿಯರಿಗೆ ಜೋಡಿಯಾಗಿ ನಿಂತವನಿಗೆ ದಿನಕ್ಕೆ ಎರಡು ಬೇಯಿಸಿದ ಮೊಟ್ಟೆ, ಮೊಟ್ಟೆ ತಿನ್ನದ ಮನೆಯವನಿಗೆ ಶೇಂಗಾ ಉಂಡಿ. ಮೊದಲು ಕೈಕಾಲು ಹಿಡಿದು ಕರೆದೆ, ಆಮೇಲೆ ಸರದಿ ಹಚ್ಚಬೇಕಾಯಿತು. ತಿಂಗಳಿಗೆ 2,200-2,500 ಮೊಟ್ಟೆಗೇ ಹೋಗುತ್ತಿತ್ತು. ಇನ್ನೊಂದು ಫಾಯಿದೆ ನಾನು ಎಣಿಸಿರದಿದ್ದದ್ದು. ತನಗಿಂತ ಭಾರದವರಿಂದ ದಿನಾ ಕಾಲು ಬಿಡಿಸಿಕೊಳ್ಳುವ ಹುಡುಗನ ಡಿಫೆನ್ಸ್ ಗಟ್ಟಿಯಾಗುತ್ತದೆ. ಹಾಗೆ ತಯಾರಾದ ಇಬ್ಬರು ಹುಡುಗರು ವಿಭಾಗ ಮಟ್ಟಕ್ಕೆ ಹೋದರು, ನನ್ನ ಪಟ್ಟಿಯಲ್ಲೇ ಇಲ್ಲದವರು.

ಊರವರ ಬಾಯಿ ಮುಚ್ಚಿಸಿದ್ದು ಮಾತ್ರ ನನ್ನ ಲೆಕ್ಕ ಅಲ್ಲ. ಒಬ್ಬ ಹುಡುಗಿಯ ಅಜ್ಜಿ. ತಾಲೀಮಿನ ಹೊತ್ತಿಗೆ ಬಂದು ಗೋಡೆಗೆ ಒರಗಿ ಕೂರುತ್ತಾರೆ, ಎಲೆ ಅಡಿಕೆ ಹಾಕಿಕೊಂಡು ನೋಡುತ್ತಾರೆ. ತಿಂಗಳಿಗೆ 1,500 ಕೊಡುತ್ತೇನೆ. ಬಾಗಿಲು ಪೂರ್ತಿ ತೆಗೆದಿರುತ್ತದೆ. ಹುಡುಗಿಯರು ಸಿಂಗ್ಲೆಟ್ (ಕುಸ್ತಿಯ ಬಿಗಿ ಉಡುಪು) ಒಳಗೆ ಟೀ ಶರ್ಟು, ಚಡ್ಡಿ ಹಾಕಿಕೊಳ್ಳುತ್ತಾರೆ. ಮುಟ್ಟಿನ ದಿನ ಬರಬೇಕೋ ಬೇಡವೋ ಅಜ್ಜಿಗೆ ಹೇಳಿದರೆ ಸಾಕು, ನನಗೆ ಹೇಳಬೇಕಾಗಿಲ್ಲ. ನೀವು ಇದನ್ನು ಶುರು ಮಾಡುವುದಾದರೆ ಮ್ಯಾಟಿಗಿಂತ ಮೊದಲು ಇಂಥ ಒಂದು ಅಜ್ಜಿಯನ್ನು ಹುಡುಕಿಕೊಳ್ಳಿ.

ಮ್ಯಾಟಿನ ಕಥೆ ಬೇರೆಯೇ. ಮಟ್ಟಿ ಮಣ್ಣು ನಮ್ಮಲ್ಲಿತ್ತು, ಕೆಮ್ಮಣ್ಣಿಗೆ ಎಣ್ಣೆ, ಅರಿಶಿನ, ಮಜ್ಜಿಗೆ, ನಿಂಬೆಹಣ್ಣು ಹಾಕಿ ಹದ ಮಾಡಿದ್ದು. ಮಣ್ಣಲ್ಲಿ ಬಲ ಬರುತ್ತದೆ, ಆದರೆ ಶಾಲಾ ಸ್ಪರ್ಧೆ ಮ್ಯಾಟ್ ಮೇಲೆ, ಅಲ್ಲಿ ಕಾಲು ಓಡಬೇಕು. ಹೊಸ ಮ್ಯಾಟಿನ ಬೆಲೆ ಕೇಳಿದೆ, ನಾಲ್ಕೈದು ಲಕ್ಷ ಅಂದರು, ಫೋನ್ ಇಟ್ಟೆ. ಮೊದಲು ಭತ್ತದ ಹೊಟ್ಟನ್ನು ಅರ್ಧ ಅಡಿ ತುಂಬಿ ಮೇಲೆ ತಾಡಪಾಲು ಬಿಗಿದೆ. ಖರ್ಚು ಆರು ಸಾವಿರ, ಬಾಳಿಕೆ ಒಂದು ಮಳೆಗಾಲ. ಇಲಿ ಸೇರಿಕೊಂಡವು, ಇಲಿ ಹಿಂದೆ ಹಾವು ಬಂತು. ಒಂದು ದಿನ ಬಸ್ಕಿ ಹೊಡೆಯುವಾಗ ತಾಡಪಾಲಿನ ಕೆಳಗೆ ಏನೋ ಹರಿದ ಹಾಗಾಗಿ ಇಪ್ಪತ್ತು ಮಕ್ಕಳು ಎರಡು ಸೆಕೆಂಡಲ್ಲಿ ಹೊರಗೆ. ಅಷ್ಟು ಚುರುಕು ಮ್ಯಾಟ್ ಮೇಲೆ ನಾನು ಕಂಡಿಲ್ಲ. ಆಮೇಲೆ ಹುಬ್ಬಳ್ಳಿಯ ಗಾದಿ ಅಂಗಡಿಗಳಿಂದ ಫೋಮಿನ ಚೂರು ತಂದು ಚೀಲಗಳಲ್ಲಿ ಒತ್ತಿ ತುಂಬಿ, ಹೊಲಿದು, ಮೇಲೆ ದಪ್ಪ ತಾಡಪಾಲು. ಎಲ್ಲ ಸೇರಿ 21 ಸಾವಿರ ಆಗಿರಬೇಕು. ಚೀಲಗಳ ನಡುವೆ ಸಂದು ಬಿಟ್ಟರೆ ಪಾದ ಸಿಕ್ಕಿಕೊಳ್ಳುತ್ತದೆ, ಅಡ್ಡ ಒಂದು ಪದರ, ಉದ್ದ ಒಂದು ಪದರ ಹಾಕಿ. ನಮ್ಮದು ಇನ್ನೂ ನಡೆಯುತ್ತಿದೆ.

ಮ್ಯಾಟ್ ಬಂದ ಮೇಲೆ ಹುಳಕಡ್ಡಿ ಬಂತು. ಒಂದೇ ತಿಂಗಳಲ್ಲಿ ಏಳು ಮಕ್ಕಳಿಗೆ. ‘ನೋಡ್ರಿ, ಗಂಡು ಹೆಣ್ಣು ಕೂಡಿಸಿದ್ದಕ್ಕ’ ಅಂತ ಊರಲ್ಲಿ ಶುರುವಾಯಿತು. ಕಾರಣ ಒಂದೇ ಟವೆಲ್ಲು ಹತ್ತು ಜನ ಬಳಸುತ್ತಿದ್ದದ್ದು, ಬೆವರಿನ ಬಟ್ಟೆ ಒಣಗಿಸದೆ ಮರುದಿನ ಹಾಕುತ್ತಿದ್ದದ್ದು. ಜೊತೆಗೆ ಅಂಗಡಿಯಿಂದ ತಂದು ಹಚ್ಚುತ್ತಿದ್ದ ಸ್ಟೆರಾಯ್ಡ್ ಬೆರೆತ ಮುಲಾಮು, ಅದು ಎರಡು ದಿನ ತುರಿಕೆ ನಿಲ್ಲಿಸಿ ಆಮೇಲೆ ದುಪ್ಪಟ್ಟು ಮಾಡುತ್ತದೆ. ಡಾಕ್ಟರ ಹತ್ತಿರ ಹೋಗಿ ಸರಿಯಾದ ಔಷಧಿ ಹಚ್ಚಿದ ಮೇಲೆ, ದಿನಾ ಬ್ಲೀಚ್ ನೀರಲ್ಲಿ ಮ್ಯಾಟ್ ಒರೆಸಿದ ಮೇಲೆ ಕಡಿಮೆಯಾಯಿತು.

ಹುಡುಗಿಯರು ಮೂರನೇ ನಿಮಿಷಕ್ಕೆ ಸುಸ್ತಾಗುವುದಕ್ಕೂ ಹುಡುಗರ ಬಲವೇ ಕಾರಣ ಅಂದುಕೊಂಡಿದ್ದೆ. ರಕ್ತ ಪರೀಕ್ಷೆ ಮಾಡಿಸಿದರೆ ಇಬ್ಬರಿಗೆ ಹಿಮೋಗ್ಲೋಬಿನ್ 9ರ ಆಸುಪಾಸು. 12 ಇರಬೇಕಾದ್ದು. ಶಾಲೆಯಲ್ಲಿ ಕೊಡುವ ನೀಲಿ ಕಬ್ಬಿಣದ ಮಾತ್ರೆಯನ್ನು ಹಿತ್ತಲಿಗೆ ಎಸೆಯುತ್ತಿದ್ದರು, ಹೊಟ್ಟೆ ತೊಳಸುತ್ತದೆ ಅಂತ. ಡಾಕ್ಟರು ಚಿಕಿತ್ಸೆ ಕೊಟ್ಟರು, ನಾನು ಮಾತ್ರೆಯನ್ನು ಊಟದ ಮೇಲೆ ಲಿಂಬು ಪಾನಕದ ಜೊತೆ ಕೊಟ್ಟು, ಚಹಾ ಒಂದೆರಡು ತಾಸು ಬಂದ್ ಮಾಡಿಸಿದೆ. ಮೂರ್ನಾಲ್ಕು ತಿಂಗಳಲ್ಲಿ 11 ದಾಟಿತು. ಇದಕ್ಕೂ ಮುಂಚೆ ಬಲ ಬರಲಿ ಅಂತ ಬಾದಾಮಿ ಬೀಜಕ್ಕೆ ಸುರಿದ ದುಡ್ಡು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ಇನ್ನು ಸ್ಪರ್ಧೆ. ತಾಲೀಮು ಸರಿ, ಹುಡುಗನ ಎದುರೇ ಹಿಡಿಸುತ್ತೀಯಾ? 2019ರಲ್ಲಿ ಒಂದು ಜಾತ್ರೆಯವರು ಕೇಳಿದರು, ‘ಹುಡುಗ-ಹುಡುಗಿ ಜೋಡಿ ಹಾಕೋಣ್ರಿ, ಮಂದಿ ಬರತಾರ.’ ಇನಾಮು 2,000. ನನ್ನ ದೊಡ್ಡಸ್ತಿಕೆಗೆ ಒಪ್ಪಿದೆ. ಹುಡುಗಿ 46, ಹುಡುಗ 45. ಏಕಲಂಗಿ ಪಟ್ಟು ಹಾಕಿ ಚಿತ್ ಮಾಡಿದಳು! ಹಲಗೆ ಬಡಿದರು, ನಾನೂ ಕುಣಿದೆ. ರಾತ್ರಿ ಹೊತ್ತಿಗೆ ವಿಡಿಯೋ ಊರೂರು ಸುತ್ತಿತ್ತು, ಕೆಳಗೆ ಬರೆದದ್ದನ್ನು ಇಲ್ಲಿ ಬರೆಯೋಕಾಗಲ್ಲ. ಹುಡುಗಿ ಹದಿನೈದು ದಿನ ಶಾಲೆಗೇ ಬರಲಿಲ್ಲ. ಆ ಹುಡುಗ ಕುಸ್ತಿಯನ್ನೇ ಬಿಟ್ಟ, ಅವನೂ ನನ್ನ ಹುಡುಗನೇ. ಗೆದ್ದ ಕುಸ್ತಿಯಲ್ಲಿ ಇಬ್ಬರನ್ನೂ ಸೋತೆ.

ಹಾಗಂತ ಹೆಣ್ಣು ಗಂಡಿನ ಎದುರು ಹಿಡಿಯಬಾರದು ಅಂತ ಹೇಳುವವನಲ್ಲ ನಾನು. ಆ ಹಳೇ ಉಸ್ತಾದರು ‘ಎಲ್ಲಿಯಾದರೂ ಉಂಟಾ?’ ಅಂದಾಗ ಹಮೀದಾ ಬಾನು ಕಥೆ ಹೇಳಿದ್ದೆ, 1954ರಲ್ಲಿ ಬರೋಡಾದಲ್ಲಿ ಬಾಬಾ ಪೈಲ್ವಾನನನ್ನು 1 ನಿಮಿಷ 34 ಸೆಕೆಂಡಿನಲ್ಲಿ ಕೆಡವಿದಾಕೆ. ಈಗಿನ ಕಾಲದ ಕುಸ್ತಿಪಟು ದಿವ್ಯಾ ಕಾಕ್ರಾನ್ ದಂಗಲ್‌ಗಳಲ್ಲಿ ಹುಡುಗರನ್ನು ಕೆಡವಿ ಮನೆಗೆ ದುಡ್ಡು ತಂದವಳು. ಸಾಕ್ಷಿ ಮಲಿಕ್ ರೋಹ್ಟಕ್‌ನಲ್ಲಿ ಹುಡುಗರ ಜೊತೆ ತಾಲೀಮು ಮಾಡಿ 2016ರಲ್ಲಿ ರಿಯೋದಿಂದ ಕಂಚು ತಂದಳು, ಆದರೆ ರಿಯೋದಲ್ಲಿ ಎದುರಿಗಿದ್ದವರು ಹೆಣ್ಣುಮಕ್ಕಳೇ. ಅಮೆರಿಕದ ಹೈಸ್ಕೂಲುಗಳಲ್ಲಿ ನಮ್ಮದೇ ಕಷ್ಟ ಇತ್ತು, ತಂಡಕ್ಕೆ ಒಬ್ಬಳೋ ಇಬ್ಬರೋ ಹುಡುಗಿಯರು, ಅವರು ಹುಡುಗರ ಎದುರೇ ಸ್ಪರ್ಧಿಸಬೇಕು. 2006ರಲ್ಲಿ ಅಲಾಸ್ಕಾದಲ್ಲಿ ಒಬ್ಬ ಹುಡುಗಿ ಹುಡುಗರನ್ನೇ ಸೋಲಿಸಿ ರಾಜ್ಯದ ಚಾಂಪಿಯನ್ ಆದಳು. 2011ರಲ್ಲಿ ಅಯೋವಾದಲ್ಲಿ ಒಬ್ಬ ಹುಡುಗ ಹುಡುಗಿಯ ಮೈಮೇಲೆ ಕೈ ಹಾಕುವುದಿಲ್ಲ ಅಂತ ಕುಸ್ತಿಯನ್ನೇ ಬಿಟ್ಟುಕೊಟ್ಟ. ಈಗ ಅದೇ ಅಯೋವಾದಲ್ಲಿ ಹುಡುಗಿಯರಿಗೇ ಬೇರೆ ಸ್ಪರ್ಧೆ ಇದೆ.

ಜಾತ್ರೆ ಆದ ಮೇಲೆ ನನ್ನ ಗರಡಿಯ ಕಟ್ಟಳೆ ಹೀಗಿದೆ. ಏಳನೇ ಕ್ಲಾಸಿನವರೆಗೆ ಯಾರ ಎದುರು ಯಾರಾದರೂ ಹಿಡಿಯಲಿ, ಪಾಯಿಂಟೂ ಹಾಕುತ್ತೇನೆ. ಎಂಟರಿಂದ ಮೇಲೆ ತಾಲೀಮು ಒಟ್ಟಿಗೆ, ಆರು ಕೆಜಿ ಲೆಕ್ಕದಲ್ಲಿ. ಸ್ಪರ್ಧೆ ಬೇರೆ ಬೇರೆ. ಗರಡಿಯೊಳಗೆ ಮೊಬೈಲು ಬಂದ್. ಹುಡುಗಿಯೇ ‘ನಾ ಹುಡುಗನ ಎದುರು ಪಾಯಿಂಟ್ ಕುಸ್ತಿ ಹಿಡೀತೀನಿ’ ಅಂದರೆ ಮನೆಯವರನ್ನು ಕೇಳಿ, ಬಾಗಿಲು ಹಾಕಿ, ಅಜ್ಜಿ ಮುಂದೆ ಹಿಡಿಸುತ್ತೇನೆ. ಇಬ್ಬರು ಹಾಗೆ ಕೇಳಿದ್ದಾರೆ. ಫಲಿತಾಂಶ ಹೇಳಲ್ಲ.

ಈಗ ಹುಡುಗಿಯರು ಹನ್ನೊಂದು ಜನ. ಹಿಂದಿನ ಮೂರು ವರ್ಷದಲ್ಲಿ ನಾಲ್ವರು ರಾಜ್ಯ ಮಟ್ಟಕ್ಕೆ ಹೋದರು, 49 ಕೆಜಿ ವಿಭಾಗದಲ್ಲಿ ಒಂದು ಕಂಚು ಬಂತು, ಒಬ್ಬಳು ಕ್ರೀಡಾ ಹಾಸ್ಟೆಲಿಗೆ ಸೇರಿದಳು. ಎಲ್ಲ ಸೇರಿ ನನ್ನ ಕೈಯಿಂದ ಹೋದದ್ದು ಲಕ್ಷಗಳ ಲೆಕ್ಕ, ಹೆಂಡತಿಯ ಲೆಕ್ಕದಲ್ಲಿ ಇನ್ನೂ ಜಾಸ್ತಿ. ಹನ್ನೊಂದು ಜನ ಆದ ಮೇಲೆ ಒಂದೇ ತೂಕದ ಹುಡುಗಿಯರು ಜೋಡಿ ಸಿಗತೊಡಗಿದ್ದಾರೆ, ಹುಡುಗರ ಸರದಿ ವಾರಕ್ಕೆ ಎರಡೇ ದಿನಕ್ಕೆ ಇಳಿದಿದೆ. ಮೊಟ್ಟೆ ಕಡಿಮೆಯಾಯಿತು ಅಂತ ಹುಡುಗರು ಮೊನ್ನೆ ದೂರು ತಂದಿದ್ದರು.