ಫೋನ್ ಕಿತ್ಕೋಬೇಡಿ, ಮೊದಲು ಸ್ಕ್ರೀನ್‌ಶಾಟ್ ತೆಗೀರಿ

ದಾವಣಗೆರೆಯ ಅಪ್ಪ-ಅಮ್ಮಂದಿರಿಗೆ ಒಂದು ಮಾತು. ನಮ್ಮಕ್ಕನ ಮಗಳು, ಒಂಬತ್ತನೇ ಕ್ಲಾಸು. ರಾತ್ರಿ ಊಟಕ್ಕೆ ಕೂತರೆ ರೊಟ್ಟಿ ಮುರಿದು ಮುರಿದು ಹಾಗೇ ಇಡೋಳು, ಫೋನ್ ಮಿಣುಕಿದಾಗಲೆಲ್ಲ ಬೋರಲು ಹಾಕೋಳು. ಕೇಳಿದ್ರೆ, ಅವಳ ಫೋಟೋ ಮೇಲೆ ಏನೇನೋ ಬರೆದು ಕ್ಲಾಸಿನವರೇ ಇನ್‌ಸ್ಟಾಗ್ರಾಂನಲ್ಲಿ ಹಾಕಿದ್ರು.

ಇಂಥ ಹೊತ್ತಲ್ಲಿ ಫೋನ್ ಕಿತ್ಕೊಂಡ್ರೆ ಮಕ್ಕಳು ಮತ್ತೆ ಬಾಯಿ ಬಿಡಲ್ಲ. ಸಿಟ್ಟಲ್ಲಿ ಡಿಲೀಟ್ ಮಾಡೋದೂ ಬೇಡ. ಹಾಕಿದವರ ಯೂಸರ್‌ನೇಮ್, ತಾರೀಖು ಕಾಣೋ ಹಾಗೆ ಸ್ಕ್ರೀನ್‌ಶಾಟ್ ತೆಗೀರಿ, ಲಿಂಕ್ ಕಾಪಿ ಮಾಡಿಡಿ. ರಿಪೋರ್ಟು, ಬ್ಲಾಕು ಆಮೇಲೆ. ನಾವು ಅದರ ಪ್ರಿಂಟ್ ಹಿಡ್ಕೊಂಡೇ ಹೆಡ್‌ಮಾಸ್ತರ ಹತ್ರ ಹೋದ್ವಿ. ಆ ಹುಡುಗರ ಮನೆ ಬಾಗಿಲಿಗೆ ಜಗಳಕ್ಕೆ ಹೋಗಲಿಲ್ಲ.

ಫೋಟೋ ಅಶ್ಲೀಲವಾಗಿದ್ರೆ ಮಾತ್ರ ಸ್ಕ್ರೀನ್‌ಶಾಟೂ ಬೇಡ, ಯಾರಿಗೂ ಫಾರ್ವರ್ಡೂ ಬೇಡ. 18 ವರ್ಷದೊಳಗಿನವರ ಅಂಥ ಚಿತ್ರ ಹಂಚೋದು ಐಟಿ ಕಾಯ್ದೆ 67ಬಿ ಪ್ರಕಾರ ಅಪರಾಧ. ಲಿಂಕ್ ಬರ್ಕೊಂಡು ಸೀದಾ ಸೈಬರ್ ಅಪರಾಧ ನೋಡೋ ಸಿಇಎನ್ ಪೊಲೀಸ್ ಠಾಣೆಗೆ ಹೋಗಿ.

1098 ಮಕ್ಕಳ ಸಹಾಯವಾಣಿ ಹಗಲು ರಾತ್ರಿ ಇರುತ್ತೆ, ದುಡ್ಡಿಲ್ಲ. ನಿಮಗೆ ಹೇಳೋಕೆ ಅಂಜೋ ಮಗು ತಾನೇ ಫೋನ್ ಮಾಡಬಹುದು. ನಂಬರನ್ನ ಇವತ್ತೇ ಅವರ ಫೋನಲ್ಲಿ ಸೇವ್ ಮಾಡಿಕೊಡಿ.