ಪದರಗಳ ನಡುವೆ ಬೆಳಕು: ಲ್ಯಾಪ್‌ಟಾಪ್‌ನಲ್ಲಿ ಲೆಕ್ಕ ಹಾಕುವುದು ಹೇಗೆ?

ಸಿಲಿಕಾನ್ ಚಿಪ್ ಮೇಲೆ ಬೆಳಕಿಗೆ ದಾರಿ ಕೊರೆಯಲು ಕ್ಲೀನ್‌ರೂಮ್ (ಧೂಳು ತಡೆದ ಪ್ರಯೋಗಾಲಯ) ಬೇಕು. ತುಮಕೂರಿನ ವಿದ್ಯಾರ್ಥಿಗಳು ಅದಕ್ಕೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಂಥ ಕಡೆ ನೋಡಬೇಕಾಗುತ್ತದೆ. ಆ ದಾರಿಯಲ್ಲಿ ಬೆಳಕು ಯಾವ ಮೋಡ್‌ಗಳಲ್ಲಿ (ಕ್ಷೇತ್ರದ ಸ್ಥಿರ ವಿನ್ಯಾಸಗಳಲ್ಲಿ) ಸಾಗುತ್ತದೆ, ಪ್ರತಿ ಮೋಡ್‌ಗೆ ಒಟ್ಟಾರೆ ಎಷ್ಟು ಸೂಚ್ಯಂಕ ಅನ್ವಯಿಸುತ್ತದೆ ಎಂಬ ಲೆಕ್ಕಕ್ಕೆ ಮಾತ್ರ ಪೈಥಾನ್ ಇರುವ ಸಾಧಾರಣ ಲ್ಯಾಪ್‌ಟಾಪ್ ಸಾಕು. ಅಂತಿಮ ವರ್ಷದ ಪ್ರಾಜೆಕ್ಟ್‌ಗೆ ಒಳ್ಳೆಯ ವಿಷಯ.

220 ನ್ಯಾನೊಮೀಟರ್ ದಪ್ಪದ ಸಿಲಿಕಾನ್ ತೆಗೆದುಕೊಳ್ಳಿ, ವಕ್ರೀಭವನ ಸೂಚ್ಯಂಕ (ಬೆಳಕು ವಸ್ತುವಿನೊಳಗೆ ಎಷ್ಟು ಪಟ್ಟು ನಿಧಾನವಾಗುತ್ತದೆ ಎಂಬ ಅಳತೆ) 3.48. ಮೇಲೂ ಕೆಳಗೂ ಸಿಲಿಕಾ (ಸಿಲಿಕಾನ್ ಡೈಆಕ್ಸೈಡ್), ಅದರ ಸೂಚ್ಯಂಕ 1.444. ತರಂಗಾಂತರ 1550 ನ್ಯಾನೊಮೀಟರ್. ಎಲ್ಲವನ್ನೂ ಮೊದಲೇ ಮೈಕ್ರೊಮೀಟರ್‌ಗೆ ಬದಲಿಸಿ. ತಪ್ಪು ಉತ್ತರಗಳಲ್ಲಿ ಬಹಳಷ್ಟು ಹುಟ್ಟುವುದು ಮಾನಗಳು ಬೆರೆತಾಗಲೇ.

ಸಿಲಿಕಾನ್‌ನ ಎರಡೂ ಬದಿ 1 ಮೈಕ್ರೊಮೀಟರ್ ಸಿಲಿಕಾ ಬಿಟ್ಟು, ಒಟ್ಟು 2.22 ಮೈಕ್ರೊಮೀಟರನ್ನು 0.005ರಂತೆ 444 ಕೋಶಗಳಾಗಿ ಕತ್ತರಿಸಿ. ಕ್ಷೇತ್ರವನ್ನು ಲೆಕ್ಕ ಹಾಕುವ ಬಿಂದುಗಳು ಕೋಶದ ನಡುವೆ ಇರಲಿ, ಪದರಗಳ ಗಡಿ ಎರಡು ಬಿಂದುಗಳ ಮಧ್ಯೆ ಬೀಳಲಿ. 2 ಪೈ ಅನ್ನು 1.55ರಿಂದ ಭಾಗಿಸಿದರೆ ತರಂಗಸಂಖ್ಯೆ 4.054. ಬೆಳಕಿನ ತರಂಗ ಸಮೀಕರಣವನ್ನು ಈ ಬಿಂದುಗಳಲ್ಲಿ ಬರೆದರೆ ಒಂದು ಮ್ಯಾಟ್ರಿಕ್ಸ್ ಸಿಗುತ್ತದೆ, ಪ್ರತಿ ಬಿಂದುವಿಗೆ ಒಂದು ಸಾಲು. ಅದರ ಮುಖ್ಯ ಕರ್ಣದಲ್ಲಿ ತರಂಗಸಂಖ್ಯೆಯ ವರ್ಗ ಗುಣಿಸು ಆ ಬಿಂದುವಿನ ಸೂಚ್ಯಂಕದ ವರ್ಗ, ಅದರಿಂದ 80,000 ಕಳೆಯಿರಿ. ಅಕ್ಕಪಕ್ಕದ ಕರ್ಣಗಳಲ್ಲಿ 40,000 (1 ಭಾಗಿಸು 0.005ರ ವರ್ಗ; 80,000 ಅದರ ಎರಡರಷ್ಟು). ಟಿಇ ಮೋಡ್‌ಗೆ (ವಿದ್ಯುತ್ ಕ್ಷೇತ್ರ ಪದರಗಳಿಗೆ ಸಮಾಂತರ) ಅತಿ ದೊಡ್ಡ ಐಗನ್ ಮೌಲ್ಯ (ಮ್ಯಾಟ್ರಿಕ್ಸ್‌ನ ವಿಶಿಷ್ಟ ಮೌಲ್ಯ) 133.7ರ ಆಸುಪಾಸು ಬರುತ್ತದೆ. ಅದರ ವರ್ಗಮೂಲವನ್ನು 4.054ರಿಂದ ಭಾಗಿಸಿ: ಪರಿಣಾಮಕಾರಿ ಸೂಚ್ಯಂಕ ಸುಮಾರು 2.85. 1.444ಕ್ಕಿಂತ ಕೆಳಗೆ ಸಿಗುವ ಸೂಚ್ಯಂಕಗಳು ನಾವು ಹಾಕಿದ 2.22 ಮೈಕ್ರೊಮೀಟರ್ ಪೆಟ್ಟಿಗೆಯ ಸೃಷ್ಟಿ, ಬಿಟ್ಟುಬಿಡಿ.

ಎಡವುವುದು ಹೆಚ್ಚಾಗಿ ಟಿಎಂ ಮೋಡ್‌ನಲ್ಲಿ (ಇಲ್ಲಿ ಕಾಂತಕ್ಷೇತ್ರ ಪದರಗಳಿಗೆ ಸಮಾಂತರ). ಅದೇ ಮ್ಯಾಟ್ರಿಕ್ಸ್ ಬಳಸಿದರೆ ಮತ್ತೆ 2.85 ಬರುತ್ತದೆ, ಸರಿಯುತ್ತರವಾದರೋ 2.06ರ ಹತ್ತಿರ. ಕಾರಣ, ಗಡಿ ದಾಟುವಾಗ ಕಾಂತಕ್ಷೇತ್ರದ ಇಳಿಜಾರು ಒಮ್ಮೆಲೇ ಬದಲಾಗುತ್ತದೆ. ಸೂಚ್ಯಂಕದ ವರ್ಗದಿಂದ ಭಾಗಿಸಿದ ಇಳಿಜಾರು ಮಾತ್ರ ಮುರಿಯದೆ ಸಾಗುತ್ತದೆ. ಆದ್ದರಿಂದ ಪಕ್ಕದ ಕರ್ಣಗಳ ಪ್ರತಿ ಪದವನ್ನು ಆ ಸಾಲಿನ ಬಿಂದುವಿನ ಸೂಚ್ಯಂಕದ ವರ್ಗದಿಂದ ಗುಣಿಸಿ, ಆ ಬಿಂದು ಮತ್ತು ಪಕ್ಕದ ಬಿಂದುವಿನ ಸೂಚ್ಯಂಕ ವರ್ಗಗಳ ಸರಾಸರಿಯಿಂದ ಭಾಗಿಸಿ. 80,000ದ ಜಾಗಕ್ಕೆ ಹೀಗೆ ಸಿಕ್ಕ ಎರಡು ಪದಗಳ ಮೊತ್ತ ಹಾಕಿ. ಮ್ಯಾಟ್ರಿಕ್ಸ್‌ಗೆ ಸಮಮಿತಿ ಉಳಿಯದ ಕಾರಣ ಸಾಮಾನ್ಯ ಐಗನ್ ಸಾಲ್ವರ್ ಬೇಕು. ಟಿಎಂ ಕ್ಷೇತ್ರ ಸಿಲಿಕಾದೊಳಗೆ ಇನ್ನೂ ದೂರ ಚಾಚುತ್ತದೆ, ಬದಿಗೆ 2 ಮೈಕ್ರೊಮೀಟರ್ ಕೊಡಿ.

ಬಂದ ಸಂಖ್ಯೆಯನ್ನು ಹಾಗೇ ನಂಬಬೇಡಿ. ಕೋಶವನ್ನು 0.01, 0.005, 0.0025 ಮಾಡಿ ನೋಡಿ. ಪ್ರತಿ ಸಲವೂ ಉತ್ತರದ ವ್ಯತ್ಯಾಸ ಹೆಚ್ಚುಕಡಿಮೆ ಕಾಲುಭಾಗಕ್ಕೆ ಇಳಿಯಬೇಕು. ಇಳಿಯದಿದ್ದರೆ ಗಡಿ ಸರಿಯಾದ ಜಾಗದಲ್ಲಿದೆಯೇ ಎಂದು ಮೊದಲು ನೋಡಿ. ಮ್ಯಾಟ್ರಿಕ್ಸ್ ಇಲ್ಲದೆ ಇದೇ ಸೂಚ್ಯಂಕ ಕೊಡುವ ಟ್ಯಾನ್ ಸಮೀಕರಣವನ್ನು ದ್ವಿಭಾಜನದಿಂದ (ಮೂಲವಿರುವ ವ್ಯಾಪ್ತಿಯನ್ನು ಅರ್ಧಿಸುತ್ತ ಹುಡುಕುವ ವಿಧಾನ) ಬಿಡಿಸಿದರೆ ಟಿಇಗೆ 2.852 ಸಿಗುತ್ತದೆ, 1.444ರಿಂದ 3.48ರ ನಡುವೆ 20 ಸಲ ಅರ್ಧಿಸಿದರೆ ಸಾಕು. ಸಿಲಿಕಾನ್ ಇದಕ್ಕಿಂತ ದಪ್ಪವಾದರೆ ಟ್ಯಾನ್ ಅನಂತಕ್ಕೆ ಹಾರುವ ಜಾಗವನ್ನೇ ದ್ವಿಭಾಜನ ಮೂಲವೆಂದು ತೋರಿಸಬಹುದು. ಆಗ ಸಮೀಕರಣವನ್ನು ಆರ್ಕ್‌ಟ್ಯಾನ್ ರೂಪದಲ್ಲಿ ಬರೆದು, ಪ್ರತಿ ಮೋಡ್‌ಗೂ ಒಂದೊಂದು ಪೈ ಸೇರಿಸುತ್ತ ಹೋಗಿ.